ಎಲೆ ಹಾಕಿದ ಮೇಲೆ, ತುಪ್ಪ ಬೀಳುವ ಮುಂಚೆ

ಊರಿನಿಂದ ಅಮ್ಮ ಬಂದಿದ್ದಳು. ರಾತ್ರಿ ಹತ್ತೂವರೆ ದಾಟಿತ್ತು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾನು ಕೈಕಟ್ಟಿ ಕೂತಿದ್ದೆ. ಪರದೆಯ ಮೇಲೆ ಬ್ರೌಸರ್ ತಾನಾಗಿ ತೆರೆದುಕೊಳ್ಳುತ್ತಿತ್ತು, ಖಾನೆಗಳಲ್ಲಿ ಅಕ್ಷರ ತಾವಾಗಿ ತುಂಬಿಕೊಳ್ಳುತ್ತಿದ್ದವು, ಬಟನ್ ತಾನಾಗಿ ಒತ್ತಿಕೊಳ್ಳುತ್ತಿತ್ತು. ಕೀಲಿಮಣೆಯ ಮೇಲೆ ಯಾರ ಬೆರಳೂ ಇರಲಿಲ್ಲ. ಅಮ್ಮ ನೀರಿನ ಚೊಂಬು ಹಿಡಿದುಕೊಂಡು ಬೆನ್ನ ಹಿಂದೆ ಬಂದು ನಿಂತಳು.

"ಎಂತ ಕಾಯ್ತಾ ಇದೀಯೋ?"

"ಪೇಜು ಬರ್ಲಿ ಅಂತ, ಅಮ್ಮ."

"ಬಂದಿದೆಯಲ್ಲೋ. ನಂಗೇ ಕಾಣ್ತಾ ಇದೆ."

"ನಮಗೆ ಕಾಣ್ತದೆ. ಅದಕ್ಕೆ ಗೊತ್ತಾಗ್ಬೇಕಲ್ಲ, ಬಂತು ಅಂತ."

"ಅದು ಅಂದ್ರೆ ಯಾರು?"

ಅದು ಅಂದರೆ ನಾನು ಬರೆದ ಸ್ಕ್ರಿಪ್ಟ್. ಮನುಷ್ಯರು ವೆಬ್ ಪುಟದಲ್ಲಿ ಏನೇನು ಮಾಡುತ್ತಾರೋ ಅದನ್ನೆಲ್ಲ ಅವರ ಬದಲು ಮಾಡುವ ಒಂದು ಕ್ರಮವಿಧಿ. ಲಾಗಿನ್ ಆಗು, ಅರ್ಜಿ ತುಂಬು, ಸಲ್ಲಿಸು, ಬಂದ ಸ್ವೀಕೃತಿ ಸಂಖ್ಯೆಯನ್ನು ಓದಿಕೊ, ಸರಿಯಿದೆಯೇ ನೋಡು. ಬೆಂಗಳೂರಿನಲ್ಲಿ ಈ ಕೆಲಸ ಮಾಡುವ ನಮ್ಮಂಥವರು ಬೀದಿಗೊಬ್ಬರು ಸಿಗುತ್ತಾರೆ. ನಮ್ಮನ್ನು ಆಟೊಮೇಷನ್ ಟೆಸ್ಟರ್ ಅನ್ನುತ್ತಾರೆ. ಹದಿನೆಂಟು ವರ್ಷ ಇದನ್ನೇ ಮಾಡಿದ ಮೇಲೆ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ಎಲ್ಲಿ ಒತ್ತಬೇಕು ಎಂದು ಸ್ಕ್ರಿಪ್ಟ್‌ಗೆ ಕಲಿಸುವುದು ಸುಲಭ. ಯಾವಾಗ ಒತ್ತಬೇಕು ಎಂದು ಕಲಿಸುವುದರಲ್ಲಿ ಅರ್ಧ ಆಯುಷ್ಯ ಹೋಗುತ್ತದೆ. ಪುಟ ಬಂತೋ ಇಲ್ಲವೋ ಎಂಬುದನ್ನು ಕಣ್ಣಿರುವ ನಾವು ಯೋಚಿಸದೆ ಹೇಳಿಬಿಡುತ್ತೇವೆ. ಕಣ್ಣಿಲ್ಲದ ಯಂತ್ರಕ್ಕೆ ಅದನ್ನು ಹೇಳಿಕೊಡಲು ಕೂತಾಗಲೇ ನಮಗೂ ಅದು ಸರಿಯಾಗಿ ಗೊತ್ತಿರಲಿಲ್ಲ ಎಂದು ಅರಿವಾಗುವುದು.

ಅಮ್ಮನಿಗೆ ಹೇಳಿದ ಹಾಗೆಯೇ ಇಲ್ಲೂ ಹೇಳುತ್ತೇನೆ. ಮದುವೆ ಮನೆಯ ಪಂಕ್ತಿಯನ್ನು ನೆನಪಿಸಿಕೊಳ್ಳಿ. ಮೊದಲು ಬಾಳೆ ಎಲೆ ಬರುತ್ತದೆ. ನೀರು ಚಿಮುಕಿಸಿ ಒರೆಸಿಕೊಳ್ಳುತ್ತೇವೆ. ತುದಿಗೆ ಉಪ್ಪು, ಉಪ್ಪಿನಕಾಯಿ. ಆಮೇಲೆ ಕೋಸಂಬರಿ, ಪಲ್ಯ, ಗೊಜ್ಜು, ಚಿತ್ರಾನ್ನ. ನಡುವೆ ಅನ್ನ, ಅನ್ನದ ಮೇಲೆ ತೊವ್ವೆ. ಎಲೆ ತುಂಬಿದ ಹಾಗೆ ಕಾಣುತ್ತದೆ. ಪಕ್ಕದಲ್ಲಿ ಕೂತ ಮಗು ಆಗಲೇ ಹಪ್ಪಳ ಮುರಿದಿರುತ್ತದೆ. ದೊಡ್ಡವರು ಮಾತ್ರ ಕೈ ಮಡಿಲಲ್ಲಿಟ್ಟು ಕೂತಿರುತ್ತಾರೆ. ತುಪ್ಪ ಇನ್ನೂ ಬಂದಿಲ್ಲ. ಸಾಲಿನ ಕೊನೆಯ ಎಲೆಗೂ ತುಪ್ಪ ಬಿದ್ದು, ಹಿರಿಯರೊಬ್ಬರು ತುತ್ತೆತ್ತಿದ ಮೇಲೆಯೇ ಊಟ. ಅಲ್ಲಿ ತುಪ್ಪ ಒಂದು ಪದಾರ್ಥವೂ ಹೌದು, ಒಂದು ಸೂಚನೆಯೂ ಹೌದು.

ವೆಬ್ ಪುಟವೂ ಹೀಗೆ ಕಂತು ಕಂತಾಗಿ ಬರುತ್ತದೆ. ಮೊದಲು ಎಚ್‌ಟಿಎಂಎಲ್ ಎಂಬ ಬರಹ ಬರುತ್ತದೆ. ಬ್ರೌಸರ್ ಅದನ್ನು ಓದುತ್ತ ಓದುತ್ತ ಪುಟದ ಅಸ್ಥಿಪಂಜರ ಕಟ್ಟುತ್ತದೆ. ಈ ಹೊತ್ತಿನಲ್ಲಿ 'ನೀನು ಯಾವ ಸ್ಥಿತಿಯಲ್ಲಿದ್ದೀಯ' ಎಂದು ಕೇಳಿದರೆ ಪುಟ 'ಲೋಡಿಂಗ್' ಎನ್ನುತ್ತದೆ. ಬರಹ ಪೂರ್ತಿ ಓದಿ ಮುಗಿದಾಗ 'ಇಂಟರ್‌ಆ್ಯಕ್ಟಿವ್' ಎನ್ನುತ್ತದೆ. ಎಲೆ ಹಾಕಿ ಆಯಿತು, ಯಾವ ಪದಾರ್ಥ ಎಲ್ಲಿ ಎಂದು ಜಾಗ ಗೊತ್ತಾಯಿತು ಎಂದರ್ಥ. ಚಿತ್ರ, ಬಣ್ಣ, ಅಲಂಕಾರದ ಕಡತಗಳು, ಒಳಗಿನ ಚೌಕಟ್ಟುಗಳು ಎಲ್ಲ ಬಂದ ಮೇಲೆ 'ಕಂಪ್ಲೀಟ್' ಎನ್ನುತ್ತದೆ, ಜೊತೆಗೇ 'ಲೋಡ್' ಎಂಬ ಘಟನೆಯೊಂದನ್ನು ಕೂಗಿ ಹೇಳುತ್ತದೆ. ಅದೇ ತುಪ್ಪ. ಈ ಮೂರು ಮಾತನ್ನು ನಂಬಿಕೊಂಡೇ ನಮ್ಮ ವೃತ್ತಿ ಶುರುವಾದದ್ದು.

ನನಗಂತೂ ಆ ನಂಬಿಕೆ ಅದಕ್ಕೂ ಮೊದಲೇ ಹುಟ್ಟಿತ್ತು. ಶಿವಮೊಗ್ಗದಲ್ಲಿ ಓದುತ್ತಿದ್ದಾಗ ಬಸ್ ನಿಲ್ದಾಣದ ಹತ್ತಿರ ಒಂದು ಸೈಬರ್ ಕೆಫೆ ಇತ್ತು. ಫೋನ್ ತಂತಿಯ ಮೋಡೆಮ್ಮು ಕಿರುಗುಟ್ಟಿ, ಉಸಿರೆಳೆದು ಸಂಪರ್ಕ ಸಿಗುತ್ತಿದ್ದ ಕಾಲ. ಪರೀಕ್ಷೆಯ ಫಲಿತಾಂಶದ ದಿನ ಇಪ್ಪತ್ತು ಜನ ಒಂದೇ ಕಂಪ್ಯೂಟರಿನ ಹಿಂದೆ ನಿಂತಿದ್ದೆವು. ಚಿತ್ರವೊಂದು ಮೇಲಿನಿಂದ ಗೆರೆ ಗೆರೆಯಾಗಿ ಇಳಿಯುತ್ತಿತ್ತು. ಹುಡುಗರು ತಡೆಯಲಾರದೆ ಮೌಸ್‌ಗೆ ಕೈ ಹಾಕಿದರೆ ಕೆಫೆಯ ಯಜಮಾನರು ಗದರುತ್ತಿದ್ದರು: "ಕೆಳಗಡೆ ಎಡಗಡೆ ನೋಡು. ಅಲ್ಲಿ 'ಡನ್' ಅಂತ ಬರೋ ತನಕ ಏನೂ ಒತ್ಬೇಡ!" ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ತಳದ ಪಟ್ಟಿಯಲ್ಲಿ, ಪುಟ ಪೂರ್ತಿ ಇಳಿದ ಮೇಲೆ, ಆ ಪುಟ್ಟ ಪದ ಮೂಡುತ್ತಿತ್ತು. ನನ್ನ ಅಂಕ ನೋಡುವ ಮೊದಲು ನಾನು ಆ ಪದವನ್ನು ನೋಡಿದೆ. ಪುಟ ಬಂತು ಎನ್ನುವುದಕ್ಕೆ ಲೋಕದಲ್ಲಿ ಒಂದು ಅಧಿಕೃತ ಮುದ್ರೆ ಇದೆ ಎಂದು ಅವತ್ತು ಮನಸ್ಸಿನಲ್ಲಿ ಕೂತುಬಿಟ್ಟಿತು.

ಕೆಲಸಕ್ಕೆ ಸೇರಿದ ಮೇಲೆ ಅದೇ ಮುದ್ರೆಯನ್ನು ಬೇರೆ ರೂಪದಲ್ಲಿ ಕಂಡೆ. ಎಕ್ಸೆಲ್‌ನೊಳಗೆ ಸಣ್ಣ ಮ್ಯಾಕ್ರೊ ಬರೆದು ಇಂಟರ್ನೆಟ್ ಎಕ್ಸ್‌ಪ್ಲೋರರನ್ನು ಕುಣಿಸಬಹುದಿತ್ತು. ಲೆಕ್ಕಪತ್ರ ವಿಭಾಗದವರೂ ಅದನ್ನು ಕಲಿತಿದ್ದರು. ಆ ಬ್ರೌಸರಿಗೆ ಎರಡು ಗುಣಗಳಿದ್ದವು: ಒಂದು 'ಬಿಜಿ', ಇನ್ನೊಂದು 'ರೆಡಿಸ್ಟೇಟ್'. ರೆಡಿಸ್ಟೇಟ್ ಸೊನ್ನೆಯಿಂದ ನಾಲ್ಕರವರೆಗೆ ಏರುತ್ತಿತ್ತು, ನಾಲ್ಕು ಎಂದರೆ ಪೂರ್ತಿ. 'ಬಿಜಿ ಇರುವ ತನಕ ಅಥವಾ ರೆಡಿಸ್ಟೇಟ್ 4 ಆಗದಿರುವ ತನಕ ಸುತ್ತುತ್ತಿರು' ಎಂಬ ಒಂದೂವರೆ ಸಾಲಿನ ಮಂತ್ರ ಒಬ್ಬರಿಂದ ಒಬ್ಬರಿಗೆ ದಾಟುತ್ತಿತ್ತು. ಪುಟದೊಳಗೆ ನಾಲ್ಕು ಚೌಕಟ್ಟುಗಳಿದ್ದರೆ 'ಡಾಕ್ಯುಮೆಂಟ್ ಮುಗಿಯಿತು' ಎಂಬ ಕೂಗು ಐದು ಸಲ ಬರುತ್ತಿತ್ತು, ಚೌಕಟ್ಟಿಗೊಂದು ಮತ್ತು ಕೊನೆಗೆ ಹೊರಗಿನ ಪುಟಕ್ಕೊಂದು. ಮೊದಲನೆಯ ಕೂಗಿಗೇ ಓಡಿದವರು ಖಾಲಿ ಚೌಕಟ್ಟಿಗೆ ಮುಗ್ಗರಿಸುತ್ತಿದ್ದರು. ಪಕ್ಕದ ಪಂಕ್ತಿಗೆ ತುಪ್ಪ ಬಿದ್ದರೆ ನಮ್ಮ ಎಲೆಗೆ ಬಿದ್ದ ಹಾಗಲ್ಲ.

ಆದರೂ ಆ ಲೆಕ್ಕ ಕೆಲವು ವರ್ಷ ಸರಿಯಾಗಿಯೇ ನಡೆಯಿತು, ಏಕೆಂದರೆ ಆಗ ಪುಟ ಒಂದು ಸಲ ಬಂದರೆ ಬಂದ ಹಾಗೆ. ಅದನ್ನು ಬದಲಾಯಿಸಿದ್ದು ಒಂದು ಸಣ್ಣ ಉಪಕರಣ. ಬ್ರೌಸರಿನಲ್ಲೇ ಅಂಚೆ ನೋಡುವ ಔಟ್‌ಲುಕ್ ವೆಬ್ ಆ್ಯಕ್ಸೆಸ್‌ಗಾಗಿ ಮೈಕ್ರೋಸಾಫ್ಟ್‌ನಲ್ಲಿ ಹುಟ್ಟಿ, 1999ರಲ್ಲಿ ಎಕ್ಸ್‌ಪ್ಲೋರರ್ 5ರ ಜೊತೆ ಬಂದ ಎಕ್ಸ್‌ಎಂಎಲ್‌ಎಚ್‌ಟಿಟಿಪಿ. ಪುಟವನ್ನು ಮತ್ತೆ ತರಿಸದೆ ಬೇಕಾದ ತುಣುಕನ್ನಷ್ಟೇ ತರಿಸಿ ಅಲ್ಲಲ್ಲೇ ಅಂಟಿಸುವ ವಿದ್ಯೆ ಅದು. 2004ರಲ್ಲಿ ಜಿಮೇಲ್ ಬಂತು, 2005ರಲ್ಲಿ ಗೂಗಲ್ ಮ್ಯಾಪ್ಸ್ ಬಂತು. ಅದೇ ವರ್ಷ ಜೆಸ್ಸಿ ಜೇಮ್ಸ್ ಗ್ಯಾರೆಟ್ ಎಂಬವರು ಈ ಪದ್ಧತಿಗೆ 'ಏಜಾಕ್ಸ್' ಎಂದು ಹೆಸರಿಟ್ಟರು. ಅಲ್ಲಿಂದ ಮುಂದೆ 'ಲೋಡ್' ಎಂಬ ಕೂಗಿನ ಅರ್ಥವೇ ಅಲ್ಲಾಡಿತು. ಖಾಲಿ ಎಲೆಗೆ ಮೊದಲೇ ತುಪ್ಪ ಬಡಿಸಿ, ಅನ್ನವನ್ನು ಆಮೇಲೆ ತರುವ ಪದ್ಧತಿ ಶುರುವಾಯಿತು. ಪುಟ 'ಕಂಪ್ಲೀಟ್' ಎಂದು ಹೇಳುವ ಹೊತ್ತಿಗೆ ಅದರಲ್ಲಿ ತಿರುಗುವ ಚಕ್ರವೊಂದು ಬಿಟ್ಟರೆ ಬೇರೇನೂ ಇರುವುದಿಲ್ಲ. ನಿಜವಾದ ಪಟ್ಟಿ, ಮೊತ್ತ, ಹೆಸರು ಎಲ್ಲವೂ ಆಮೇಲೆ ಬರುತ್ತವೆ, ತಮ್ಮ ತಮ್ಮ ದಾರಿಯಲ್ಲಿ, ತಮ್ಮ ತಮ್ಮ ವೇಗದಲ್ಲಿ.

ನನ್ನ ಮಟ್ಟಿಗೆ ಇದರಲ್ಲಿ ಅಪಾಯದ ವಿಷಯ ತಡವಲ್ಲ, ಅರ್ಧ ಸತ್ಯ. ಒಂದು ಪುಟದಲ್ಲಿ ಬಾಕಿ ಮೊತ್ತದ ಜಾಗದಲ್ಲಿ ಮೊದಲು ಸೊನ್ನೆ ಇರುತ್ತಿತ್ತು. ಮುಕ್ಕಾಲು ಸೆಕೆಂಡು ಬಿಟ್ಟು ನಿಜವಾದ ಮೊತ್ತ ಬರುತ್ತಿತ್ತು. ಮನುಷ್ಯರ ಕಣ್ಣು ಆ ಸೊನ್ನೆಯನ್ನು ಗಮನಿಸುವುದೇ ಇಲ್ಲ. ಸ್ಕ್ರಿಪ್ಟ್ ಅದನ್ನೇ ಓದಿಕೊಂಡು 'ಬಾಕಿ ಇಲ್ಲ' ಎಂದು ಬರೆದಿಟ್ಟು ಮುಂದೆ ಹೋಗುತ್ತದೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ನಮಗೆ ಇದು ಚೆನ್ನಾಗಿ ಅರ್ಥವಾಗಬೇಕು. 'ನಾಳೆ ನೀವೆಲ್ಲ ನಮ್ಮನೆಗೆ ಊಟಕ್ಕೆ ಬರ' ಎಂಬಲ್ಲಿಗೆ ಕಿವಿ ಮುಚ್ಚಿಕೊಂಡರೆ, ಬರಬೇಕೋ ಬರಬಾರದೋ ಯಾರಿಗೆ ಗೊತ್ತು?

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಒಂದು ಹೆಸರಿನ ಸಲುವಾಗಿ. ನಮ್ಮಲ್ಲಿ ಹೆಚ್ಚಿನವರು ಅನ್ನ ತಿನ್ನುವುದು ಸೆಲೆನಿಯಂ ಎಂಬ ಸಲಕರಣೆಯಿಂದ. 2004ರಲ್ಲಿ ಷಿಕಾಗೊದ ಥಾಟ್‌ವರ್ಕ್ಸ್‌ನಲ್ಲಿ ಜೇಸನ್ ಹಗಿನ್ಸ್ ಎಂಬ ಎಂಜಿನಿಯರ್ ಇದನ್ನು ಕಟ್ಟಿದರು. ಆಗ ಈ ಕ್ಷೇತ್ರದ ದೊಡ್ಡ ಕಂಪನಿಯ ಹೆಸರು ಮರ್ಕ್ಯುರಿ, ಅಂದರೆ ಪಾದರಸ. ಪಾದರಸದ ವಿಷಕ್ಕೆ ಸೆಲೆನಿಯಂ ಮದ್ದು ಎಂಬ ತಮಾಷೆಯಿಂದ ಈ ಹೆಸರು ಬಂತು. ಆ ಮೂಲಧಾತುವಿನ ಹೆಸರು ಇನ್ನೂ ಹಳೆಯದು: 1817ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಅದನ್ನು ಗುರುತಿಸಿ, ಗ್ರೀಕರ ಚಂದ್ರದೇವತೆ ಸೆಲೀನಿಯ ಹೆಸರಿಟ್ಟ. ರಾತ್ರಿಯೆಲ್ಲ ಯಾರೂ ಇಲ್ಲದ ಆಫೀಸಿನಲ್ಲಿ ಒಂದೇ ಸಮನೆ ಪುಟ ತೆರೆದು ಮುಚ್ಚುವ ನಮ್ಮ ನೈಟ್ ರನ್‌ಗಳನ್ನು ನೆನೆದಾಗ ಆ ಹೆಸರು ನನಗೆ ತುಂಬಾ ಒಪ್ಪುತ್ತದೆ. ಮುಂದೆ ಸೈಮನ್ ಸ್ಟೂವರ್ಟ್ ಅವರ ವೆಬ್‌ಡ್ರೈವರ್ ಎಂಬ ಸಲಕರಣೆ ಇದರೊಳಗೆ ಸೇರಿತು. 2018ರಲ್ಲಿ, ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಅದನ್ನು ಎಲ್ಲ ಬ್ರೌಸರ್‌ಗಳಿಗೂ ಒಂದೇ ಮಾನದಂಡ ಎಂದು ಒಪ್ಪಿತು. ಆ ಮಾನದಂಡದಲ್ಲೂ ಕಾಯುವುದಕ್ಕೆ ಮೂರು ಬಗೆ ಇವೆ. 'ನಾರ್ಮಲ್' ಎಂದರೆ ತುಪ್ಪ ಬೀಳುವ ತನಕ, 'ಈಗರ್' ಎಂದರೆ ಎಲೆ ಹಾಕಿದ ಕೂಡಲೇ, 'ನನ್' ಎಂದರೆ ಕಾಯುವುದೇ ಇಲ್ಲ. ಯಾವುದನ್ನೂ ಹೇಳದಿದ್ದರೆ ನಾರ್ಮಲ್, ಹೆಚ್ಚೆಂದರೆ 300 ಸೆಕೆಂಡು. ಅಷ್ಟು ಹೊತ್ತಿಗೂ ಪುಟ ಬರದಿದ್ದರೆ ಕೈಚೆಲ್ಲುತ್ತದೆ. ಈ ಮೂರರಲ್ಲಿ ಯಾವುದೂ ಏಜಾಕ್ಸ್‌ನ ಅನ್ನವನ್ನು ಕಾಯುವುದಿಲ್ಲ. ಅದನ್ನು ಬರೆಯುವವರೇ ಕಾಯಿಸಬೇಕು.

ಹೇಗೆ ಕಾಯಿಸುವುದು? ಕೆಲಸಕ್ಕೆ ಹೊಸದಾಗಿ ಬಂದವರೆಲ್ಲ ಮೊದಲು ಮಾಡುವುದು ಸ್ಲೀಪ್ ಹಾಕುವುದು. 'ಐದು ಸೆಕೆಂಡು ಮಲಗು, ಆಮೇಲೆ ಒತ್ತು.' ಕುಕ್ಕರ್‌ನ ಸೀಟಿ ಎಣಿಸಿದ ಹಾಗೆ. ಮೂರು ಸೀಟಿಗೆ ಅನ್ನ ಆಗುತ್ತದೆ ಎನ್ನುವುದು ನಮ್ಮ ಅಕ್ಕಿ, ನಮ್ಮ ಒಲೆ, ನಮ್ಮ ಗ್ಯಾಸಿನ ಉರಿಗೆ ಸರಿ. ಅಕ್ಕಿ ಹಳೆಯದಾದರೆ, ಉರಿ ಸಣ್ಣದಾದರೆ, ಮೂರು ಸೀಟಿಗೆ ಅದು ಅಕ್ಕಿಯೇ. ಅಮ್ಮ ಇವತ್ತಿಗೂ ಪಾತ್ರೆಯಲ್ಲಿ ಅನ್ನ ಮಾಡುವಾಗ ಗಡಿಯಾರ ನೋಡುವುದಿಲ್ಲ. ಸೌಟಿನ ತುದಿಯಲ್ಲಿ ಒಂದು ಅಗುಳು ತೆಗೆದು ಎರಡು ಬೆರಳ ನಡುವೆ ಹಿಚುಕುತ್ತಾಳೆ. ಒಳಗೆ ಬಿಳಿಯ ಚುಕ್ಕೆ ಉಳಿದಿದ್ದರೆ ಇನ್ನೂ ಎರಡು ನಿಮಿಷ. ಸ್ಲೀಪ್ ಮತ್ತು ವೇಯ್ಟ್‌ಗೆ ಇರುವ ವ್ಯತ್ಯಾಸ ಇಷ್ಟೇ. ಸ್ಲೀಪ್ ಗಡಿಯಾರ ನೋಡುತ್ತದೆ, ವೇಯ್ಟ್ ಅಗುಳು ಹಿಚುಕುತ್ತದೆ. ಸೆಲೆನಿಯಂನ ವೇಯ್ಟ್ ಅರ್ಧ ಸೆಕೆಂಡಿಗೊಮ್ಮೆ ಹೋಗಿ 'ಆ ಬಟನ್ ಕಾಣುತ್ತಿದೆಯಾ, ಒತ್ತಲು ಬರುತ್ತಾ' ಎಂದು ನೋಡಿ ಬರುತ್ತದೆ. ಬಂದಿದ್ದರೆ ಆ ಕ್ಷಣವೇ ಮುಂದೆ, ಬಂದಿಲ್ಲದಿದ್ದರೆ ಗಡುವಿನ ತನಕ ಮತ್ತೆ ಮತ್ತೆ.

ಸ್ಲೀಪ್ ಬೇಡ ಎಂದು ನಾನು ಕಠಿಣವಾಗಿಯೇ ಹೇಳುತ್ತೇನೆ. ಸಮಯ ಹಾಳು ಎಂಬುದು ಅದಕ್ಕೆ ಚಿಕ್ಕ ಕಾರಣ. ದೊಡ್ಡ ಕಾರಣ, ಅದು ನಂಬಿಕೆಯನ್ನು ತಿನ್ನುತ್ತದೆ. ಬೆಳಿಗ್ಗೆ ಪಾಸ್, ಮಧ್ಯಾಹ್ನ ಫೇಲ್, ಮತ್ತೆ ಓಡಿಸಿದರೆ ಪಾಸ್. ಇಂಥದ್ದನ್ನು ನಾವು ಫ್ಲೇಕಿ ಎನ್ನುತ್ತೇವೆ. 2014ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಅಪಾಚೆ ಎಂಬ ಮುಕ್ತ ತಂತ್ರಾಂಶ ಸಂಸ್ಥೆಯ ಯೋಜನೆಗಳಲ್ಲಿ ಇಂಥ ಚಂಚಲ ಟೆಸ್ಟ್‌ಗಳ ದುರಸ್ತಿಯನ್ನು ಒಂದೊಂದಾಗಿ ತೆಗೆದು ನೋಡಿದಾಗ, ಕಾರಣ ಗೊತ್ತಾದವುಗಳಲ್ಲಿ ಸುಮಾರು ಶೇ 45ರಷ್ಟಕ್ಕೆ ಮೂಲ ಇದೇ ಆಗಿತ್ತು: ಯಾವುದಕ್ಕೋ ಸರಿಯಾಗಿ ಕಾಯದೆ ಮುಂದೆ ಹೋದದ್ದು. 2016ರಲ್ಲಿ ಗೂಗಲ್ ತನ್ನ ಟೆಸ್ಟ್‌ಗಳಲ್ಲಿ ಶೇ 16ರಷ್ಟಕ್ಕೆ ಸ್ವಲ್ಪವಾದರೂ ಚಂಚಲತೆ ಇದೆ ಎಂದು ಹೇಳಿಕೊಂಡಿತು. ಅಷ್ಟು ದೊಡ್ಡವರಿಗೂ ಬಿಡದ ಕಾಟ ಇದು. ನಾಲ್ಕು ಸಲ ಸುಳ್ಳು ಎಚ್ಚರಿಕೆ ಕೇಳಿದ ತಂಡ ಐದನೆಯದನ್ನು, ಅದು ನಿಜವಾದದ್ದಾದರೂ, 'ಮತ್ತೆ ಓಡಿಸು, ಸರಿಹೋಗತ್ತೆ' ಎಂದು ತಳ್ಳಿಬಿಡುತ್ತದೆ. ಆಗ ಟೆಸ್ಟ್ ಇದ್ದೂ ಇಲ್ಲದ ಹಾಗೆ.

ಇನ್ನೊಂದು ಬಗೆಯ ತಪ್ಪಿದೆ. ಅದರಲ್ಲಿ ಏನೂ ಫೇಲ್ ಆಗುವುದಿಲ್ಲ. ಅದನ್ನು ಹತ್ತಿರದಿಂದ ತೋರಿಸಬೇಕು.

ಒಂದು ಗೋದಾಮಿನ ದಾಸ್ತಾನು ಪಟ್ಟಿಯನ್ನು ಪ್ರತಿ ರಾತ್ರಿ ವೆಬ್ ಪುಟದಿಂದ ತೆಗೆದು ಹಾಳೆಗೆ ಇಳಿಸುವ ಸ್ಕ್ರಿಪ್ಟ್ ಬರೆದಿದ್ದೆ. ಪುಟಕ್ಕೆ 20 ಸಾಲು, ಒಟ್ಟು 14 ಪುಟ. ಪಟ್ಟಿಯ ಕೆಳಗೆ 'ಮುಂದೆ' ಎಂಬ ಬಟನ್. ಸಾಲು ಓದು, ಮುಂದೆ ಒತ್ತು, ಪುಟ 'ಕಂಪ್ಲೀಟ್' ಆಗುವ ತನಕ ಕಾಯಿ, ಮತ್ತೆ ಓದು. ಮೂರು ತಿಂಗಳು ನಡೆಯಿತು. ಒಂದು ದಿನ ಗೋದಾಮಿನ ಗುಮಾಸ್ತರು ಫೋನ್ ಮಾಡಿದರು: "ಸರ್, ನಿಮ್ಮ ಪಟ್ಟೀಲಿ ಪಂಪ್‌ಸೆಟ್ಟೆಲ್ಲ ಎರಡೆರಡು ಸಲ ಬಂದಿದೆ, ಪೈಪ್ ಒಂದೂ ಇಲ್ಲ." ತೆಗೆದು ನೋಡಿದೆ. ಒಟ್ಟು ಸಾಲು 280, ಲೆಕ್ಕ ಸರಿ. ಆದರೆ ಆರನೆಯ ಪುಟ ಎರಡು ಸಲ ಇತ್ತು, ಏಳನೆಯದು ಇರಲೇ ಇಲ್ಲ.

ಆದದ್ದು ಇಷ್ಟು. ಆರನೆಯ ಪುಟದಲ್ಲಿ ಸ್ಕ್ರಿಪ್ಟ್ 'ಮುಂದೆ' ಒತ್ತಿತು. ಬ್ರೌಸರ್ ಏಳನೆಯ ಪುಟದ ಸಾಲುಗಳನ್ನು ಏಜಾಕ್ಸ್‌ನಲ್ಲಿ ಕೇಳಿ ಕಳಿಸಿತು. ಸ್ಕ್ರಿಪ್ಟ್ ಆಗಲೇ ತಿರುಗಿ ಕೇಳಿತು: ಕಂಪ್ಲೀಟ್ ಆಗಿದೆಯಾ? ಪುಟ ಹೇಳಿತು: ಆಗಿದೆ. ಸುಳ್ಳಲ್ಲ. ಪುಟ ಮೊದಲಿನಿಂದಲೂ ಕಂಪ್ಲೀಟ್ ಆಗಿಯೇ ಇತ್ತು. ಒಳಗಿನ ಪಟ್ಟಿ ಬದಲಾಗುವುದಕ್ಕೂ ಆ ಮಾತಿಗೂ ಸಂಬಂಧವೇ ಇಲ್ಲ. ಬೇರೆ ರಾತ್ರಿಗಳಲ್ಲಿ ಸರ್ವರ್ ಚುರುಕಾಗಿದ್ದುದರಿಂದ ಹೊಸ ಸಾಲುಗಳು ಹೇಗೋ ಮೊದಲೇ ಬಂದುಬಿಡುತ್ತಿದ್ದವು. ಆ ರಾತ್ರಿ ತಡವಾಯಿತು. ಸ್ಕ್ರಿಪ್ಟ್ ಹಳೆಯ ಆರನೆಯ ಪುಟವನ್ನೇ ಏಳು ಎಂದು ಓದಿತು. ಮತ್ತೆ 'ಮುಂದೆ' ಒತ್ತುವಷ್ಟರಲ್ಲಿ ಏಳು ಬಂದಿತ್ತು, ಒತ್ತಿದ ಮೇಲೆ ಎಂಟು ಬಂತು. ಏಳನೆಯ ಪುಟ ಪರದೆಯ ಮೇಲೆ ಬಂದು, ಯಾರೂ ಓದದೆ, ಹೋಯಿತು.

ಬರುವುದನ್ನು ಕಾಯುವ ಮೊದಲು ಹೋಗುವುದನ್ನು ಕಾಯಬೇಕು ಎಂದು ನಾನು ಕಲಿತದ್ದು ಆ ಪೈಪುಗಳಿಂದ. ಒತ್ತುವ ಮುನ್ನ ಹಳೆಯ ಪಟ್ಟಿಯ ಮೊದಲ ಸಾಲನ್ನು ಕೈಯಲ್ಲಿ ಹಿಡಿದುಕೊಳ್ಳಬೇಕು. ಒತ್ತಬೇಕು. ಹಿಡಿದ ಸಾಲು ಹಳಸಿಹೋಯಿತೇ ಎಂದು ನೋಡುತ್ತಿರಬೇಕು. ಸೆಲೆನಿಯಂ ಇದನ್ನು 'ಸ್ಟೇಲ್' ಎಂದೇ ಕರೆಯುತ್ತದೆ, ಹಳಸಿದ ಅನ್ನಕ್ಕೆ ಬಳಸುವ ಮಾತು. ಹಳೆಯದು ಹೋದದ್ದು ಖಾತ್ರಿಯಾದ ಮೇಲೆ ಹೊಸದಕ್ಕೆ ಕಾಯಬೇಕು. ಅದರಲ್ಲೂ ಒಂದು ಸೂಕ್ಷ್ಮ ಇದೆ. ಈಗಿನ ಕೆಲವು ಪುಟಗಳು ಹಳೆಯ ಸಾಲನ್ನು ಎಸೆಯದೆ ಅದೇ ಸಾಲಿನೊಳಗಿನ ಅಕ್ಷರವನ್ನಷ್ಟೇ ಬದಲಿಸುತ್ತವೆ. ಅಲ್ಲಿ ಹಳಸುವುದನ್ನು ಕಾಯುತ್ತ ಕೂತರೆ ಬೆಳಗಾಗುತ್ತದೆ. ಆಗ ಪುಟದ ಸಂಖ್ಯೆ ಆರರಿಂದ ಏಳಾಯಿತೇ ಎಂದೇ ನೋಡಬೇಕು. ಪ್ರತಿ ಪುಟಕ್ಕೂ ಅದರದೇ ಅಗುಳು ಇರುತ್ತದೆ. ಯಾವುದನ್ನು ಹಿಚುಕಬೇಕು ಎಂದು ಆ ಪುಟವನ್ನು ಅರಿತವರೇ ಹೇಳಬೇಕು.

ಇದೆಲ್ಲ ತಲೆನೋವು ಬೇಡವೆಂದು ಬಂದ ಒಂದು ಉಪಾಯ, ಸದ್ದಡಗುವುದನ್ನು ಕಾಯುವುದು. 2017ರಲ್ಲಿ ಗೂಗಲ್‌ನ ಕ್ರೋಮ್ ತಂಡ ಪಪೆಟಿಯರ್ ಎಂಬ ಸಲಕರಣೆಯನ್ನು ಬಿಟ್ಟಿತು. ಅದರಲ್ಲಿ 'ನೆಟ್‌ವರ್ಕ್ ಐಡಲ್' ಎಂಬ ಆಯ್ಕೆ ಇದೆ: ಅರ್ಧ ಸೆಕೆಂಡು ಕಾಲ ಪುಟ ಹೊರಗಿನಿಂದ ಏನನ್ನೂ ತರಿಸದಿದ್ದರೆ ಎಲ್ಲ ಬಂದಾಯಿತು ಎಂದು ತಿಳಿ. ಮೊದಲು ನೋಡಿದಾಗ ನನಗೂ ಬಹಳ ಹಿಡಿಸಿತ್ತು. ಆದರೆ ಮದುವೆ ಮನೆಯಲ್ಲಿ ಸದ್ದಡಗುವುದು ಯಾವಾಗ? ಒಂದು ಮೂಲೆಯಲ್ಲಿ ಚಾಟ್ ಪೆಟ್ಟಿಗೆ ಸದಾ ಮಾತಾಡುತ್ತಿರುತ್ತದೆ, ಜಾಹೀರಾತು ಬದಲಾಗುತ್ತಿರುತ್ತದೆ, ಯಾರು ಏನು ನೋಡಿದರು ಎಂದು ಎಣಿಸುವ ಲೆಕ್ಕಿಗ ಎರಡು ಸೆಕೆಂಡಿಗೊಮ್ಮೆ ವರದಿ ಕಳಿಸುತ್ತಿರುತ್ತಾನೆ. ಕೆಲವೊಮ್ಮೆ ಇದಕ್ಕೆ ತಿರುಗಾಮುರುಗಾ: ಎರಡು ಪದಾರ್ಥಗಳ ನಡುವೆ ಬಡಿಸುವವರು ಒಳಗೆ ಹೋದಾಗ ಒಂದು ಗಳಿಗೆ ಮೌನ, ಅದನ್ನೇ ಊಟ ಮುಗಿಯಿತೆಂದು ತಿಳಿದು ಎದ್ದ ಹಾಗೆ. 2020ರಲ್ಲಿ ಮೈಕ್ರೋಸಾಫ್ಟ್‌ನಿಂದ ಬಂದ ಪ್ಲೇರೈಟ್‌ನ ಕೈಪಿಡಿಯಲ್ಲಿ ಈ ಆಯ್ಕೆಯನ್ನು ಟೆಸ್ಟ್‌ಗಳಿಗೆ ಬಳಸಬೇಡಿ ಎಂದೇ ಬರೆದಿದ್ದಾರೆ. ಅದರ ದಾರಿ ನನಗೆ ಹೆಚ್ಚು ಒಪ್ಪಿಗೆ. ಅದು ಪುಟ ಬಂತೇ ಎಂದು ಕೇಳುವುದಿಲ್ಲ. ಒತ್ತಬೇಕಾದ ಆ ಒಂದು ಬಟನ್ ಕಾಣುತ್ತಿದೆಯೇ, ಚಾಲೂ ಇದೆಯೇ, ಅದರ ಮೇಲೆ ಬೇರೇನೂ ಮುಚ್ಚಿಲ್ಲವೇ, ಅಲುಗಾಡದೆ ನಿಂತಿದೆಯೇ ಎಂದು ನೋಡುತ್ತದೆ. ಅಲುಗಾಡದೆ ಎಂದರೆ ಪರದೆಯ ಮೇಲೆ ಒಂದರ ಹಿಂದೊಂದು ಬರುವ ಎರಡು ಚಿತ್ರಗಳಲ್ಲಿ ಅದೇ ಜಾಗದಲ್ಲಿರಬೇಕು. ಸಾಮಾನ್ಯ ಪರದೆಯಲ್ಲಿ ಎರಡು ಚಿತ್ರಗಳ ನಡುವಿನ ಅಂತರ ಹದಿನೇಳು ಮಿಲಿಸೆಕೆಂಡಿನಷ್ಟು. ಅಷ್ಟು ಹೊತ್ತು ಸುಮ್ಮನೆ ನಿಂತ ಬಟನ್ನನ್ನು ನಂಬಬಹುದು ಎಂಬ ಲೆಕ್ಕ.

ಇನ್ನೂ ಒಳ್ಳೆಯ ದಾರಿ ಒಂದಿದೆ, ಅದಕ್ಕೆ ಸಲಕರಣೆ ಬೇಕಿಲ್ಲ, ಮಾತು ಬೇಕು. ನಮ್ಮ ಕಡೆಯ ಬಸ್ಸಿನಲ್ಲಿ ಎಲ್ಲರೂ ಹತ್ತಿದರೇ ಎಂದು ಡ್ರೈವರ್ ತಿರುಗಿ ಎಣಿಸುವುದಿಲ್ಲ. ಹಿಂದಿನ ಬಾಗಿಲು ಅವನಿಗೆ ಕಾಣುವುದೇ ಇಲ್ಲ. ಕಂಡಕ್ಟರ್ ಸೀಟಿ ಊದಿ 'ರೈಟ್' ಎನ್ನುತ್ತಾನೆ, ಗಾಡಿ ಹೊರಡುತ್ತದೆ. ಪುಟ ಕಟ್ಟುವ ಡೆವಲಪರ್‌ಗೆ ಕೊನೆಯ ತುಣುಕು ಬಂದದ್ದು ಖಂಡಿತ ಗೊತ್ತಿರುತ್ತದೆ. ಅವರು ಅಲ್ಲೊಂದು ಸಣ್ಣ ಗುರುತು, ಪುಟದ ಮೈಮೇಲೆ 'ಸಿದ್ಧ' ಎಂಬ ಒಂದು ಪದ, ಇಟ್ಟರೆ ನಮ್ಮ ಸ್ಕ್ರಿಪ್ಟ್ ಊಹೆ ಮಾಡಬೇಕಿಲ್ಲ. ನಮ್ಮ ತಂಡದಲ್ಲಿ ಹಾಸನದ ಹುಡುಗಿಯೊಬ್ಬಳಿದ್ದಾಳೆ. ಒಂದು ಪುಟದ ಜೊತೆ ಎರಡು ದಿನ ಗುದ್ದಾಡಿದ ಮೇಲೆ ಅವಳು ಎದ್ದು ಹೋಗಿ ಡೆವಲಪರ್ ಮೇಜಿನ ಹತ್ತಿರ ನಿಂತು ಕೇಳಿಕೊಂಡಳು. ಅವರು ಹತ್ತು ನಿಮಿಷದಲ್ಲಿ ಹಾಕಿಕೊಟ್ಟರು. "ಮೊದಲೇ ಕೇಳ್ಬೇಕಿತ್ತು ಸರ್" ಅಂದಳು ನನಗೆ. ಎರಡು ಮೇಜುಗಳ ನಡುವಿನ ಹತ್ತು ಹೆಜ್ಜೆ ನಡೆಯದೆ ಎಷ್ಟೊಂದು ಸಾವಿರ ಸ್ಲೀಪ್‌ಗಳು ಬರೆಯಲ್ಪಟ್ಟಿವೆಯೋ ಎಂದು ನನಗೆ ನಿಜವಾಗಿ ಬೇಸರವಾಗುತ್ತದೆ.

ಕಾಯುವುದನ್ನು ಇಷ್ಟು ಹೊಗಳಿದ ಮೇಲೆ ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಚೆನ್ನಾಗಿ ಕಾಯುವ ಸ್ಕ್ರಿಪ್ಟ್‌ಗೆ ಬೇಸರ ಎಂಬುದಿಲ್ಲ. ಬಟನ್ ಇಪ್ಪತ್ತನೆಯ ಸೆಕೆಂಡಿಗೆ ಜೀವ ತಳೆದರೂ ಅದು ಒತ್ತಿ, ಪಾಸ್ ಎಂದು ಹಸಿರು ಬಣ್ಣ ತೋರಿಸುತ್ತದೆ. ಅದೇ ಪುಟವನ್ನು ಹಳ್ಳಿಯಲ್ಲಿ, ಹಳೆಯ ಫೋನಿನಲ್ಲಿ, ಎರಡು ಕಡ್ಡಿ ಸಿಗ್ನಲ್ಲಿನಲ್ಲಿ ತೆರೆದವರು ಅಷ್ಟು ಹೊತ್ತು ನಿಲ್ಲುತ್ತಾರೆಯೇ? ಈಗಿನ ಎಷ್ಟೋ ಪುಟಗಳು ಸರ್ವರಿನಿಂದಲೇ ಸಿಂಗರಿಸಿಕೊಂಡು ಬರುತ್ತವೆ. ಬಟನ್ ಕಾಣುತ್ತದೆ, ಬಣ್ಣವೂ ಇರುತ್ತದೆ, ಆದರೆ ಅದಕ್ಕೆ ಪ್ರಾಣ ತುಂಬುವ ಜಾವಾಸ್ಕ್ರಿಪ್ಟ್ ಇನ್ನೂ ಇಳಿಯುತ್ತಿರುತ್ತದೆ. ಆ ನಡುವೆ ಒತ್ತಿದರೆ ಏನೂ ಆಗುವುದಿಲ್ಲ. ನನ್ನ ಚಿಕ್ಕಪ್ಪ ಬಸ್ ಟಿಕೆಟ್ ಕಾದಿರಿಸುವಾಗ ಹಾಗೆ ಒತ್ತಿ, ಆಗಲಿಲ್ಲವೆಂದು ಮತ್ತೆ ಒತ್ತಿ, ತನ್ನ ಬೆರಳೇ ಸರಿಯಿಲ್ಲ ಎಂದುಕೊಂಡು ಅಂಗಿಗೆ ಒರೆಸಿಕೊಂಡಿದ್ದನ್ನು ನೋಡಿದ್ದೇನೆ. ತಪ್ಪು ಬೆರಳಿನದಲ್ಲ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕು ಎಂದು ಗೂಗಲ್ ಇಟ್ಟ ಅಳತೆಯೊಂದಿದೆ. ಕಾಣಿಸಿದರೆ ಸಾಲದು, ಒತ್ತಿದರೆ ಓಗೊಡಬೇಕು ಎಂದು 2024ರಲ್ಲಿ ಇನ್ನೊಂದು ಅಳತೆಯನ್ನೂ ಮುಖ್ಯ ಪಟ್ಟಿಗೆ ಸೇರಿಸಿದರು. ಹಾಗಾಗಿ ನಮ್ಮ ಸ್ಕ್ರಿಪ್ಟ್‌ಗಳು ಕಾದದ್ದನ್ನು ಬರೆದಿಡಬೇಕು ಎಂದು ನಾನು ಹಟ ಹಿಡಿದಿದ್ದೇನೆ. ಪಾಸ್ ಆಯಿತು, ಆದರೆ ಒಂಬತ್ತು ಸೆಕೆಂಡು ಕಾದೆ ಎಂದು ಲಾಗ್‌ನಲ್ಲಿ ಒಂದು ಸಾಲು. ಚಿಕ್ಕಪ್ಪನ ಪರವಾಗಿ ಯಾರಾದರೂ ಅದನ್ನು ಹೇಳಬೇಕಲ್ಲ.

ಅಮ್ಮ ಊರಿಗೆ ಹೊರಡುವ ಹಿಂದಿನ ದಿನ ಇನ್ನೊಂದು ಪುಟದ ರನ್ ನಡೆಯುತ್ತಿತ್ತು. ಕನ್ನಡದ ಅರ್ಜಿ ನಮೂನೆ. ದೂರದ ಯಾವುದೋ ಲಿನಕ್ಸ್ ಯಂತ್ರದಲ್ಲಿ, ಪರದೆಯೇ ಇಲ್ಲದ ಬ್ರೌಸರಿನಲ್ಲಿ ಓಡುತ್ತಿತ್ತು. ನಲವತ್ತೊಂದು ಪರೀಕ್ಷೆ, ನಲವತ್ತೊಂದೂ ಹಸಿರು. ಲೋಡ್ ಆಗಿತ್ತು, ಖಾನೆಗಳು ಬಂದಿದ್ದವು, ಅಕ್ಷರಶೈಲಿಗಳು ಸಿದ್ಧವೇ ಎಂದು ಕೇಳಿದ್ದಕ್ಕೂ ಬ್ರೌಸರ್ ಸಿದ್ಧ ಎಂದಿತ್ತು. ಸ್ಕ್ರೀನ್‌ಶಾಟ್ ತೆರೆದರೆ ಪುಟದ ತುಂಬ ಖಾಲಿ ಚೌಕಗಳು, ಸಾಲಾಗಿ. ಆ ಯಂತ್ರದಲ್ಲಿ ಕನ್ನಡದ ಫಾಂಟೇ ಇರಲಿಲ್ಲ. ಇಲ್ಲದ ಫಾಂಟನ್ನು ಯಾರೂ ಕಾಯುವುದಿಲ್ಲ, ಆದ್ದರಿಂದ ಎಲ್ಲವೂ ಸಿದ್ಧ. ಸ್ಕ್ರಿಪ್ಟ್ ಒಳಗಿನ ಯೂನಿಕೋಡನ್ನು ಯೂನಿಕೋಡಿನ ಜೊತೆ ಹೋಲಿಸಿ ನೋಡಿತ್ತು, ಅದು ಸರಿಯಾಗಿತ್ತು.

"ಇದು ಯಾವ ಭಾಷೆಯೋ?" ಅಂದಳು ಅಮ್ಮ.

ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ಕನ್ನಡದ ಫಾಂಟುಗಳ ಒಂದು ಗಂಟು ಸಿಗುತ್ತದೆ. ಅದರೊಳಗಿನ ಒಂದು ಫಾಂಟಿನ ಹೆಸರು ಗುಬ್ಬಿ, ಇನ್ನೊಂದರದು ನವಿಲು. ಹಾಸನದ ಹುಡುಗಿಗೆ ಫೋನ್ ಮಾಡಿ ಯಂತ್ರಕ್ಕೆ ಅದನ್ನು ಸೇರಿಸಲು ಹೇಳಿದೆ. ಕಾಲು ಗಂಟೆಯಲ್ಲಿ ರನ್ ಮತ್ತೆ ಮುಗಿಯಿತು. ಈ ಸಲ ಚೌಕಗಳ ಜಾಗದಲ್ಲಿ ಅಕ್ಷರಗಳಿದ್ದವು, ಒತ್ತಕ್ಷರ ಸಮೇತ ನೆಟ್ಟಗೆ ಕೂತಿದ್ದವು. ಅಮ್ಮ ಕನ್ನಡಕ ಏರಿಸಿಕೊಂಡು, ಪರದೆಗೆ ಬೆರಳಿಟ್ಟು, ಶಾಲೆಯ ಮಕ್ಕಳ ಹಾಗೆ ಗಟ್ಟಿಯಾಗಿ ಓದತೊಡಗಿದಳು. ಅರ್ಜಿದಾರರ ಹೆಸರು. ತಂದೆಯ ಹೆಸರು. ಹುಟ್ಟಿದ ದಿನಾಂಕ. ನಾಲ್ಕನೆಯ ಸಾಲಿಗೆ ಬೆರಳು ನಿಂತಿತು.

"ಇಲ್ಲಿ 'ಖಾಯಂ ವಿಲಾಸ' ಅಂತ ಇದೆಯಲ್ಲೋ."

ನೋಡಿದೆ. ಹೌದು, ವಿಳಾಸದ ಳಕಾರದ ಜಾಗದಲ್ಲಿ ಲಕಾರ. ನಿರೀಕ್ಷಿತ ಪಠ್ಯವನ್ನು ಆ ಪುಟದಿಂದಲೇ ನಕಲು ಮಾಡಿ ಸ್ಕ್ರಿಪ್ಟ್‌ಗೆ ಕೊಟ್ಟಿದ್ದೆವು. ಅದಕ್ಕೇ ಅಷ್ಟು ದಿನ ಹಸಿರು ಬಂದಿತ್ತು.

ನಾನು ಬಗ್ ಬರೆಯಲು ಕೂತೆ. ಅಮ್ಮ ಉಳಿದ ಸಾಲುಗಳನ್ನು ಓದಿ ಮುಗಿಸಿ, ಒಲೆಯ ಮೇಲಿದ್ದ ಅನ್ನ ನೋಡಲು ಒಳಗೆ ಹೋದಳು.